ಅಪ್ಪನ ದನಿಯಲ್ಲಿ ನಾನು ಕೊಟ್ಟ ಉತ್ತರ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಸುಲಭವಾಗಿ ಅನುಕರಿಸಬಹುದಾದ ದನಿ ಅಪ್ಪನದು. ಯಾಕೆಂದರೆ ಅವನ ಹತ್ತಿರ ಇದ್ದದ್ದೇ ನಾಲ್ಕು ಮಾತು: ಹ್ಞೂಂ, ಆತು, ನೋಡೋಣ, ಇಡ್ತೀನಿ. ಕೊನೆಯದು ಫೋನಿಗೆ ಮಾತ್ರ.

ಅವನು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಡ್ರೈವರ್. ಲಾರಿಯ ಡ್ರೈವರ್ ಅಲ್ಲ. ಮಿಲ್ಲಿನ ಯಂತ್ರಗಳನ್ನು ನಡೆಸುವವನನ್ನೂ ನಮ್ಮ ಕಡೆ ಡ್ರೈವರ್ ಎಂದೇ ಕರೆಯುತ್ತಾರೆ. ಆ ಸದ್ದಿನೊಳಗೆ ಇಡೀ ಹರೆಯ ಕಳೆದವನಿಗೆ ಕೈಸನ್ನೆಯೇ ಭಾಷೆ. ನೀರು ಬೇಕೆಂದರೆ ಹೆಬ್ಬೆರಳು, ಊಟ ಸಾಕೆಂದರೆ ಅಂಗೈ. ಅಪರೂಪಕ್ಕೆ ಬಾಯಿ ತೆರೆದರೆ ಮಾತ್ರ, ಯಂತ್ರದ ಆಚೆ ನಿಂತವನಿಗೂ ಕೇಳಿಸಬೇಕು ಎಂಬಂತೆ ಎದೆಯ ತಳದಿಂದ ಎದ್ದು ಬರುವ ದನಿ. ಖಾಲಿ ಡ್ರಮ್ಮು ಉರುಳಿಸಿದ ಹಾಗೆ.

ನನ್ನ ಹೊಟ್ಟೆಪಾಡೇ ದನಿ. ಬಳ್ಳಾರಿಯಲ್ಲಿ ಸೀರೆ ಅಂಗಡಿಯ ರಿಯಾಯಿತಿ, ಹೊಸ ಹೋಟೆಲು, ರಕ್ತದಾನ ಶಿಬಿರ ಏನೇ ಇದ್ದರೂ ಆಟೋದ ಮೇಲೆ ಮೈಕು ಕಟ್ಟಿ ಸಾರುತ್ತಾರಲ್ಲ, ಅದರಲ್ಲಿ ಗಂಡ, ಹೆಂಡತಿ, ಅತ್ತೆ ಮೂರೂ ನಾನೇ. ಮನೆಗೆ ಬಂದರೂ ಬಾಯಿ ಸುಮ್ಮನಿರುವುದಿಲ್ಲ. ಸಿರುಗುಪ್ಪ ಬಸ್ಸಿನ ಕಂಡಕ್ಟರು, ಅಪ್ಪನ ಮಿಲ್ಲಿನ ಸಾಹುಕಾರ, ನೆರೆಮನೆಯವರ ಜಗಳ, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದ ದಿನ ನನ್ನ ಗಂಟಲಿನಿಂದ ಹೊರಟ ಕೀರಲು ದನಿಯನ್ನು ಈಗಲೂ ಬೇಡಿಕೆಯ ಮೇಲೆ ಮಾಡಿ ತೋರಿಸುತ್ತೇನೆ. ಆ ಹುಡುಗಿ ಒಪ್ಪದಿದ್ದದ್ದು ಯಾಕೆ ಎಂದು ಕೇಳಿದವರಿಗೆಲ್ಲ ತಿಳಿದುಬಿಡುತ್ತದೆ.

ಅಪ್ಪನಿಗೆ ಮೊದಲು ಮಿಲ್ಲಿನ ಮೆಟ್ಟಿಲು ಹತ್ತಲು ಆಗದಾಯಿತು. ಆಮೇಲೆ ಮಲಗಲು ಆಗದಾಯಿತು, ಗೋಡೆಗೆ ಒರಗಿ ಕೂತೇ ನಿದ್ದೆ. ಕಾಲು ಬಾತವು. ಬಳ್ಳಾರಿಯ ಡಾಕ್ಟರು ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿಯವರು, ಹೃದಯ ದೊಡ್ಡದಾಗಿ ಸೋತುಹೋಗಿದೆ, ಔಷಧಿಯ ಮಾತು ಮುಗಿಯಿತು, ಬೇರೆ ಹೃದಯ ಕೂಡಿಸಬೇಕು, ಅದಕ್ಕೆ ಸರದಿ ಇದೆ ಎಂದರು. ಅಪ್ಪ ಎಲ್ಲವನ್ನೂ ಕೇಳಿ "ನೋಡೋಣ" ಅಂದ.

ಅಪ್ಪನ ತಾಯಿ, ನಮ್ಮ ಅಜ್ಜಿ, ಇರುವುದು ಕುರುಗೋಡಿನಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಅಲ್ಲಿಯ ಹೈಸ್ಕೂಲು ಮೇಷ್ಟ್ರು. ಅಜ್ಜಿಗೆ ವಿಷಯ ಹೇಳುವುದು ಬೇಡವೆಂದು ತೀರ್ಮಾನಿಸಿದವಳು ಅಮ್ಮ.

"ನಿಮ್ಮಜ್ಜಿಗೆ ಮೊದಲೇ ಬಿಪಿ. ಎದಿ ಸೀಳಿ ಇದ್ದದ್ದು ತೆಗೆದು ಇನ್ನೊಬ್ರದು ಇಡ್ತಾರ ಅಂದ್ರ ಅಕಿ ಇವರಕಿಂತ ಮುಂಚೆ ಹೊಂಡ್ತಾಳ. ಹೃದಯದ ವಾಲು ರಿಪೇರಿ ಅಂತ ಹೇಳ್ರಿ ಸಾಕು."

ಹಾಗಾಗಿ ಅಜ್ಜಿಯ ಲೆಕ್ಕದಲ್ಲಿ ಅಪ್ಪನ ಕಾಯಿಲೆ ನಲ್ಲಿ ಸೋರುವ ಕಾಯಿಲೆ. ವಾಲು ಹಾಕಿದರೆ ಮುಗಿಯಿತು.

ಅಪ್ಪ ದಿನಾ ಸಂಜೆ ಏಳಕ್ಕೆ ಅವಳಿಗೆ ಫೋನು ಮಾಡುತ್ತಿದ್ದ. ಅವಳು ಹತ್ತು ಹೇಳಿದರೆ ಇವನು ಒಂದು ಹ್ಞೂಂ. ಆಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಒಂದು ಸಂಜೆ, ಫೋನು ಹಚ್ಚಿದ ಮೇಲೆ ಅವನಿಗೆ ಆ ಹ್ಞೂಂ ಅನ್ನುವಷ್ಟೂ ಉಸಿರು ಸಾಲಲಿಲ್ಲ. ಆಚೆಯಿಂದ "ಯಪ್ಪಾ, ಯಪ್ಪಾ" ಎಂದು ಅಜ್ಜಿ ಕರೆಯುತ್ತಿದ್ದಾಳೆ. ಅಪ್ಪ ಫೋನನ್ನು ನನ್ನ ಕೈಗೆ ತುರುಕಿದ. ನಾನು ಏನೂ ಯೋಚಿಸದೆ ಡ್ರಮ್ಮು ಉರುಳಿಸಿದೆ.

"ಹ್ಞೂಂ."

"ಯಾಕ ಸುಮ್ಮನಾದಿ? ಉಂಡಿ ಏನು?"

"ಆತು."

"ವಾಲು ಯಾವಾಗ ಹಾಕ್ತಾರಂತ?"

"ನೋಡೋಣ. ಇಡ್ತೀನಿ."

ಅಪ್ಪ ಹಾಸಿಗೆಯಲ್ಲಿ ಕೂತು ಸದ್ದಿಲ್ಲದೆ ಭುಜ ಕುಣಿಸಿ ನಕ್ಕ. ದಮ್ಮು ಹಿಡಿದುಕೊಂಡೇ, "ನಾನ ಅಂದ್ಕೊಂಡೆಲೇ" ಅಂದ. ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರೂ ಕೊಟ್ಟಿಲ್ಲ.

ಮರುದಿನದಿಂದ ಏಳರ ಫೋನು ನನ್ನದಾಯಿತು. ವಾರ್ಡಿನಲ್ಲಿ ಅವನು ಮಂಪರಿನಲ್ಲಿರುತ್ತಿದ್ದ, ನಾನು ಹೊರಗಿನ ಮೆಟ್ಟಿಲ ಮೇಲೆ ಅಪ್ಪನಾಗುತ್ತಿದ್ದೆ. ನಾಲ್ಕು ಮಾತಿಗೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ನನ್ನಂಥ ಬಾಯಿಗೆ ನಾಲ್ಕು ಮಾತಿನ ಪಾತ್ರ ಎಷ್ಟು ದಿನ ಸಾಕು? ಒಂದು ದಿನ ಸುಮ್ಮನೆ, "ನೀ ಉಂಡಿ ಏನವ್ವ?" ಎಂದು ಕೇಳಿಬಿಟ್ಟೆ.

 ಫೋನು ಕಟ್ಟಾಯಿತೇನೋ ಎಂದುಕೊಂಡೆ.

"ಉಂಡೀನಪ್ಪ" ಅಂದಳು ಅಜ್ಜಿ, ತಡವಾಗಿ. "ರೊಟ್ಟಿ, ಹೆಸರುಕಾಳು. ನೀ ಕೇಳಿದಿ ನೋಡು, ಎರಡನೇ ರೊಟ್ಟಿ ತಿನ್ನಬೇಕಿತ್ತು ಅನ್ಸಾಕತ್ತೈತಿ."

ಅಲ್ಲಿಂದ ನಾನು ನಿಲ್ಲಲಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿದೆಯಾ, ಸೋಮವಾರ ಬಸವಣ್ಣನ ಗುಡಿಗೆ ಯಾರ ಜೊತೆ ಹೋಗಿದ್ದೆ, ಸೊಸೆ ಬಿಸಿನೀರು ಕೊಡುತ್ತಾಳಾ. ಅರ್ಧ ನಿಮಿಷದ ಫೋನು ಇಪ್ಪತ್ತು ನಿಮಿಷವಾಯಿತು. ಕಾಯಿಲೆ ಬಿದ್ದ ಮೇಲೆ ಮಗನಿಗೆ ಮಾತು ಬಂದಿದೆ ಎಂದು ಅಜ್ಜಿ ಓಣಿಗೆಲ್ಲ ಹೇಳಿದಳಂತೆ. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಹೃದಯ ಬಂದದ್ದು ಒಂದು ಬೆಳಿಗ್ಗೆ. ಅಪ್ಪ ಇಡ್ಲಿ ಮುರಿದು ಬಾಯಿಗೆ ಒಯ್ಯುತ್ತಿದ್ದ. ನರ್ಸಮ್ಮ ಓಡಿಬಂದು ತಟ್ಟೆ ಕಿತ್ತುಕೊಂಡಳು. ಏನೂ ತಿನ್ನಬಾರದು, ಸಿಕ್ಕಿದೆ, ಅಂದಳು. ಎಲ್ಲಿಂದ, ಯಾರದು ಎಂದು ಅವರು ಹೇಳುವುದಿಲ್ಲ. ನಾವು ಕೇಳುವಂತೆಯೂ ಇಲ್ಲ. ಅಪ್ಪ ಕೈಯಲ್ಲಿದ್ದ ಇಡ್ಲಿಯ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಅಮ್ಮನ ಅಂಗೈಯಲ್ಲಿಟ್ಟ. ಹೋಗುವಾಗ ಏನಾದರೂ ಹೇಳುತ್ತಾನೆಂದು ಕಾದೆವು. ಹೆಬ್ಬೆರಳು ಎತ್ತಿ ತೋರಿಸಿದ. ಅದು ಧೈರ್ಯವೋ, ನೀರು ಬೇಕೆಂದೋ, ಇವತ್ತಿಗೂ ನಮ್ಮಲ್ಲಿ ವಾದವಿದೆ.

ಅಮ್ಮ ಆ ತುಂಡನ್ನು ಹಿಡಿದು ಗೋಡೆಯ ಪಕ್ಕ ಕೂತಳು. ಎಷ್ಟೋ ಹೊತ್ತಿನ ಮೇಲೆ, "ಎರಡು ತಿಂಗಳಿಂದ ಒಂದು ಹೃದಯ ಕೊಡಪ್ಪ ಕೊಡಪ್ಪ ಅಂತ ಬೇಡ್ಕೊಂಡೀನಿ. ನಾನು ಬೇಡಿಕೊಂಡಿದ್ದು ಏನಂತ ಈಗ ತಿಳೀತು ನೋಡು" ಅಂದಳು. "ಯಾವುದೋ ಮನಿಯಾಗ ಇವತ್ತು ಒಲಿ ಹಚ್ಚಿರಂಗಿಲ್ಲ. ನಾನೂ ಉಣ್ಣಂಗಿಲ್ಲ." ಆ ದಿನವಿಡೀ ಅವಳು ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಅವಳನ್ನು ಅಣಕಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಮಧ್ಯಾಹ್ನ ಒಳಗೆ ಒಯ್ದರು. ಸಂಜೆಯಾದರೂ ಯಾರೂ ಹೊರಗೆ ಬರಲಿಲ್ಲ. ಏಳಕ್ಕೆ ನಾನು ಫೋನು ಹಚ್ಚಲಿಲ್ಲ. ಐದು ನಿಮಿಷಕ್ಕೆ ಅಜ್ಜಿಯೇ ಹಚ್ಚಿದಳು. ಅಮ್ಮ ನನ್ನ ಮುಖ ನೋಡಿದಳು. ಎತ್ತದಿದ್ದರೆ ಕುರುಗೋಡಿನಲ್ಲಿ ರಂಪವಾಗುತ್ತದೆ. ಮೆಟ್ಟಿಲಿಗೆ ಹೋಗಿ ಎತ್ತಿದೆ.

"ದನಿ ಯಾಕ ನಡಗಾಕತ್ತೈತಿ?"

"ಇಲ್ಲಿ ಚಳಿ ಐತವ್ವ."

"ಇವತ್ತು ಟ್ರಂಕು ತೆಗೆದಿದ್ದೆ. ನಿನ್ನ ಏಳನೇತ್ತದ ಮಾರ್ಕ್ಸ್ ಕಾರ್ಡು ಸಿಕ್ತು. ನಂಗೇನು ಓದಾಕ ಬರ್ತೈತಿ? ನಿನ್ನ ತಮ್ಮ ಓದಿ ಹೇಳಿದ. ಇಷ್ಟು ನಂಬರು ನನಗೂ ಬಂದಿರಲಿಲ್ಲ ಅಂದ."

ನಾನು ಹ್ಞೂಂ ಅಂದೆ. ಅಲ್ಲಿಗೆ "ಇಡ್ತೀನಿ" ಅನ್ನಬಹುದಿತ್ತು. ಅಪ್ಪನಾಗಿದ್ದರೆ ಖಂಡಿತ ಅನ್ನುತ್ತಿದ್ದ.

"ಮಾಸ್ತರು ಎರಡು ಸಲ ಮನಿಗೆ ಬಂದಿದ್ರು, ಹುಡುಗನ್ನ ಸಾಲಿ ಬಿಡಿಸಬ್ಯಾಡ್ರೀ ಅಂತ. ಎರಡನೇ ಸಲ ನಾನು ಬಾಗಲಾ ಹಾಕ್ಕೊಂಡೆ. ಸಣ್ಣವನ್ನ ಓದಿಸಿದೆ, ನಿನ್ನ ಮಿಲ್ಲಿಗೆ ಹಚ್ಚಿದೆ. ನೀ ಒಂದು ದಿನ ಕೇಳಿಲ್ಲ. ಈಗ ಎಲ್ಲಾ ಮಾತಾಡ್ತೀ, ಅದೊಂದು ಮಾತ್ರ ಎತ್ತಂಗಿಲ್ಲ. ಸಿಟ್ಟೈತೇನಪ್ಪ ನನ್ನ ಮ್ಯಾಲ?"

ಒಳಗೆ ಟೇಬಲ್ಲಿನ ಮೇಲೆ ಅಪ್ಪನ ಎದೆ ತೆರೆದಿತ್ತು. ಅವನ ಹಳೆಯ ಹೃದಯ ಆ ಹೊತ್ತಿಗೆ ಎಲ್ಲಿತ್ತೋ, ಹೊಸದು ಹೊಡೆದುಕೊಳ್ಳಲು ಶುರು ಮಾಡಿತ್ತೋ ಇಲ್ಲವೋ. ನಾನು ಅವನ ದನಿಯಲ್ಲಿ ಹೇಳಿದೆ: "ಯಾವ ಸಿಟ್ಟವ್ವ? ನನಗ ನೆನಪ ಇಲ್ಲ ಅದು. ಬಿಟ್ಟುಬಿಡು."

ಅಜ್ಜಿ ಅತ್ತಳು. "ಆತಪ್ಪ, ಹೊಟ್ಟಿ ತಣ್ಣಗಾತು" ಅಂದಳು.

ಫೋನಿಟ್ಟು ಮೆಟ್ಟಿಲ ಮೇಲೆ ಕೂತೆ. ಅಪ್ಪ ಎಚ್ಚರವಾಗದಿದ್ದರೆ? ನಾಳೆ ಏಳು ಗಂಟೆಗೆ ಯಾರ ದನಿಯಲ್ಲಿ ಮಾತಾಡುವುದು? ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಅವಳು ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಮಗನಿಗೆ ಹೇಳಿದೆ ಎಂದುಕೊಂಡಿದ್ದಾಳೆ. ಮಗ ಕೇಳಿಯೇ ಇಲ್ಲ. ಅವನು ಕ್ಷಮಿಸುತ್ತಿದ್ದನೋ ಇಲ್ಲವೋ, ಅವನ ಪರವಾಗಿ ನಾನು ಕ್ಷಮಿಸಿ ಕಳಿಸಿದ್ದೇನೆ.

ಅಪ್ಪ ಎಚ್ಚರವಾದ. ಮೂರನೆಯ ದಿನ ಕಣ್ಣು ಬಿಟ್ಟು, ಅಮ್ಮನಿಗೆ ಅಂಗೈ ತೋರಿಸಿದ. ಆದರೆ ಉಸಿರಿನ ನಳಿಕೆ ತೆಗೆದ ಮೇಲೆ ಅವನ ಗಂಟಲಿನಿಂದ ಬಂದದ್ದು ನಮಗೆ ಗೊತ್ತಿದ್ದ ದನಿಯಲ್ಲ. ತೌಡಿನ ಚೀಲ ನೆಲದ ಮೇಲೆ ಎಳೆದ ಹಾಗೆ ಬರೀ ಸರಬರ. ದನಿಯ ನರಕ್ಕೆ ಪೆಟ್ಟಾಗಿದೆ, ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಮಾತ್ರೆಗಳಿಂದ ಮುಖ ಊದಿ ದುಂಡಗಾಯಿತು. "ಹೃದಯ ಅಷ್ಟ ಬದಲಿ ಮಾಡ್ರಿ ಅಂದಿದ್ವಿ, ಎಲ್ಲಾ ಬದಲಿ ಮಾಡಿ ಕಳಿಸ್ಯಾರ" ಎಂದು ನಾನು ಅಂದೆ. ಅವನು ನಗಲು ಹೋಗಿ ಹೊಲಿಗೆ ಹಿಡಿದುಕೊಂಡ. ಆಮೇಲೆ ಕೆಲವು ದಿನ ನನ್ನನ್ನು ಒಳಗೆ ಬಿಡಬೇಡಿ ಎಂದು ನರ್ಸಮ್ಮನಿಗೆ ಅಮ್ಮ ಹೇಳಿದಳು.

ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಇದ್ದು, ಬಳ್ಳಾರಿಗೆ ಬಂದು ಬಾಡಿಗೆ ಮನೆ ಹಿಡಿದೆವು. ಸಿರುಗುಪ್ಪದ ಮನೆಗೆ ಹೋಗಲಿಲ್ಲ. ಅಲ್ಲಿ ಗಾಳಿಯಲ್ಲೇ ಹೊಟ್ಟಿನ ಧೂಳು; ಅದಕ್ಕಿಂತ ಹೆಚ್ಚಾಗಿ ಜನ. ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ಎಲ್ಲ ಮನೆಯವರೂ ಬರಲೇಬೇಕು. ಬಂದವರು ಕೈ ಹಿಡಿದು, ಮಂಚದ ಮೇಲೆ ಕೂತು, ಅತ್ತು, ಬಿಸ್ಕತ್ತು ಕೊಟ್ಟು ಹೋಗಬೇಕು. ಹೊಸ ಹೃದಯವನ್ನು ಮೈ ತಿರಸ್ಕರಿಸದಿರಲೆಂದು ಅಪ್ಪನಿಗೆ ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ತಗ್ಗಿಸುತ್ತವೆ. ಒಬ್ಬರ ನೆಗಡಿ ಸಾಕು ಅವನನ್ನು ಮತ್ತೆ ಬೆಂಗಳೂರಿಗೆ ಕಳಿಸಲು. ಅಷ್ಟಾದರೂ ಹಚ್ಚೊಳ್ಳಿಯ ಸಂಬಂಧಿಕರು ಒಂದು ಟ್ರ್ಯಾಕ್ಟರಿನ ತುಂಬ ಬಂದರು. ಅಮ್ಮ ಗೇಟಿನಲ್ಲೇ ಕುರ್ಚಿ ಹಾಕಿ, ಕಿಟಕಿಯಿಂದ ಅಪ್ಪನ ಕೈ ತೋರಿಸಿ ಕಳಿಸಿದಳು. ಅವರಿನ್ನೂ ನಮ್ಮೊಂದಿಗೆ ಸರಿಯಾಗಿ ಮಾತಾಡುತ್ತಿಲ್ಲ.

ಏಳರ ಫೋನು ಮಾತ್ರ ನಡೆದೇ ಇತ್ತು; ವಾಲು ಹಾಕಿದ್ದಾಯಿತು, ಆದರೆ ಸದ್ಯಕ್ಕೆ ಯಾರೂ ನೋಡಲು ಬರುವಂತಿಲ್ಲ ಎಂದು ಅಜ್ಜಿಗೆ ಹೇಳಿದ್ದೆ. ಒಂದು ಸಂಜೆ ಅಪ್ಪ ಕೈ ಚಾಚಿದ.

"ಕೊಡು. ಇವತ್ತು ನಾ ಮಾತಾಡ್ತೀನಿ."

ನಾನು ಬೇಡ ಅನ್ನುವುದರೊಳಗೆ ಫೋನು ಹಚ್ಚಿ, ಸ್ಪೀಕರು ಹಾಕಿ, ತನ್ನ ಸರಬರ ದನಿಯಲ್ಲಿ "ಅವ್ವ, ನಾನು" ಅಂದ.

"ಲೇ ಕೋತಿ," ಅಂದಳು ಅಜ್ಜಿ. "ಯಾರ ಮುಂದ ಆಟ ಆಡ್ತೀ? ನಿಮ್ಮಪ್ಪನ ದನಿ ಮಾಡಾಕ ಬರಂಗಿಲ್ಲ ನಿನಗ. ಕತ್ತೆ ಒದರಿದಂಗ ಐತಿ. ಫೋನು ಅಪ್ಪಗ ಕೊಡು."

"ನಾನವ್ವ."

"ಕೊಡಲೇ ಅಂದ್ರ."

ಅಪ್ಪ ಫೋನನ್ನು ಸ್ವಲ್ಪ ಹೊತ್ತು ನೋಡಿ ನನಗೆ ಕೊಟ್ಟ. ಅವನೆದುರಿಗೇ ನಾನು ಅವನಾಗಬೇಕಾಯಿತು. ಉಂಡಿ ಏನವ್ವ, ಎಣ್ಣಿ ಹಚ್ಚಿದಿ ಏನು, ಆ ಹುಡುಗನ ಮಾತು ಬಿಡು. ಅಜ್ಜಿ ಖುಷಿಯಿಂದ ಇಪ್ಪತ್ತು ನಿಮಿಷ ಮಾತಾಡಿದಳು. ಅಪ್ಪ ಮಾಸ್ಕು ಹಾಕಿಕೊಂಡು ನೆಲ ನೋಡುತ್ತ ಎಲ್ಲ ಕೇಳಿದ.

"ದಿನಾ ಹಿಂಗ ಮಾತಾಡ್ತಿದ್ದೇನು?"

"ಹ್ಞೂಂ" ಅಂದೆ. ಅವನ ಮಾತು ನನಗೆ ಅಂಟಿಕೊಂಡಿತ್ತು.

"ನಾ ಯಾವಾಗ ಹಿಂಗ ಮಾತಾಡೀನಿ ಅವ್ವನ ಕೂಡ?"

ಅಡುಗೆಮನೆಯಿಂದ ಅಮ್ಮ, "ನನ್ನ ಕೂಡರ ಯಾವಾಗ ಮಾತಾಡೀರಿ?" ಅಂದಳು.

 ಮೂರನೆಯ ದಿನ ಅಪ್ಪ ಮಾತ್ರೆ ನುಂಗಿ, ನೀರಿನ ಲೋಟ ಕೊಡುತ್ತ ಅಮ್ಮನಿಗೆ, "ನೀ ಉಂಡಿ ಏನು?" ಅಂದ. ಅಮ್ಮ ಗಾಬರಿಯಾಗಿ ಹಣೆ ಮುಟ್ಟಿ, ಓಡಿಹೋಗಿ ಥರ್ಮಾಮೀಟರು ತಂದಳು. ಜ್ವರವಿಲ್ಲವೆಂದು ಖಾತ್ರಿಯಾದ ಮೇಲೂ ಅವಳಿಗೆ ಸಮಾಧಾನವಿರಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ.

"ನಾಳೆ ಕುರುಗೋಡಿಗೆ ಹೋಗಿ ಅವ್ವನ್ನ ಕರ್ಕೊಂಡು ಬಾ. ಎಲ್ಲಾ ಹೇಳಿ ಕರ್ಕೊಂಡು ಬಾ. ಅಕಿ ನನ್ನ ಮಾತು ನನ್ನ ಬಾಯಿಲೆ ಕೇಳಬೇಕು."

ಎಲ್ಲಾ ಎಂದರೆ ಎಷ್ಟು ಎಂಬುದು ಅವನಿಗೆ ಗೊತ್ತಿರಲಿಲ್ಲ. ಟ್ರಂಕಿನ ವಿಷಯ ನನ್ನ ಹೊಟ್ಟೆಯಲ್ಲೇ ಇತ್ತು.

ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಪಕ್ಕ, ನಾನು ಅವಳ ಪಕ್ಕ. ಮೊದಲು ಹೃದಯದ ವಿಷಯ ಹೇಳಿದೆ. ಅವಳು ಬಿಪಿಯಿಂದ ಬೀಳಲಿಲ್ಲ. "ಯಾರದಪ್ಪ ಅದು?" ಎಂದು ಕೇಳಿ, ಗೊತ್ತಿಲ್ಲವೆಂದಾಗ ಸೆರಗಿನ ತುದಿ ಕಣ್ಣಿಗೊತ್ತಿ ಕೈ ಮುಗಿದಳು. ಆಮೇಲೆ ಫೋನಿನ ವಿಷಯ ಹೇಳಿದೆ. ಅದಕ್ಕೆ ಅವಳ ಮುಖ ಬಿಗಿಯಿತು.

"ಯಾವತ್ತಿನಿಂದ?"

"ಮೊದಲಿಂದ, ಅಜ್ಜಿ. ಬೆಂಗಳೂರಿನಾಗ ಅಪ್ಪಗ ಉಸಿರು ಸಾಲದಾದಾಗಿಂದ."

"ಟ್ರಂಕಿನ ಮಾತು?"

"ಅದೂ ನಾನ."

"ಅವಾಗ ಅವನೆಲ್ಲಿದ್ದ?"

"ಆಪರೇಷನ್ನಿನ ಒಳಗ."

ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಅದಕ್ಕ ಅಷ್ಟು ಸಲೀಸಾಗಿ ಬಂತು ಮಾತು," ಅಂದಳು. "ನೆನಪ ಇಲ್ಲ ಅಂದಿ. ನಾನೂ ಮುದಿಕಿ, ನಂಬಿದೆ." ಸಿಟ್ಟು ಬಂದರೆ ಅಜ್ಜಿ ತೆಲುಗಿಗೆ ಹೊರಳುತ್ತಾಳೆ. "ನೀಕೇಮಿ ತೆಲುಸುರಾ" ಅಂದಳು. ನಿನಗೇನು ಗೊತ್ತೋ ಎಂದಷ್ಟೇ. ಆಮೇಲೆ ಬಳ್ಳಾರಿ ಬರುವತನಕ ಕಿಟಕಿಯಾಚೆಯೇ ನೋಡುತ್ತಿದ್ದಳು.

ಅಮ್ಮ ಅವಳಿಗೆ ಕೈಕಾಲು ತೊಳೆಸಿ, ಮಾಸ್ಕು ಕಟ್ಟಿ, ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿದಳು. "ಅತ್ತೀ, ಇಲ್ಲಿಂದ ಮುಂದಕ ಬರಬಾರದು." ಅಪ್ಪ ಮಂಚದ ಮೇಲೆ ಕೂತಿದ್ದ. ಇಬ್ಬರ ಮುಖದಲ್ಲೂ ಕಣ್ಣಷ್ಟೇ. ಅಜ್ಜಿ ಅವನ ಊದಿದ ಕೆನ್ನೆಯ ಅಂಚನ್ನು ನೋಡುತ್ತಿದ್ದಳು.

"ಅವ್ವ," ಅಂದ ಅಪ್ಪ, ಆ ಸರಬರದಲ್ಲಿ. "ಅವತ್ತು ಫೋನಿನಾಗ ಈ ದನಿಲೆ ಮಾತಾಡಿದ್ದು ನಾನ."

"ಗೊತ್ತಾತು. ಕತ್ತೆ ಅಂದೆ ನಿನಗ." ಅವಳು ಇನ್ನೇನೋ ಹೇಳಲು ಹೋದಳು. ಆಗಲಿಲ್ಲ. ಕೈ ಎತ್ತಿ ಇಳಿಸಿದಳು. ಕೊನೆಗೆ ನನ್ನ ಕಡೆ ನೋಡದೆಯೇ, "ಲೇ, ಆ ಟ್ರಂಕಿನ ಮಾತು ನೀನ ಹೇಳು ಇವನಿಗೆ. ಎರಡನೇ ಸಲ ನನ್ನ ಬಾಯಿಲೆ ಬರವಲ್ದು. ನನ್ನ ದನಿಯಾಗ ಹೇಳು. ನೀ ನುಂಗಿದ್ದು, ನೀನ ಕಕ್ಕು" ಅಂದಳು.

ಅಪ್ಪ ನನ್ನನ್ನು ನೋಡಿದ. ಯಾವ ಮಾತು ಎಂದು ಕಣ್ಣಲ್ಲೇ ಕೇಳಿದ.

ಅಜ್ಜಿಯ ದನಿ ನನಗೆ ಬಾಯಿಪಾಠ. ಅದನ್ನು ಮಾಡಿ ಎಷ್ಟೋ ಮದುವೆಗಳಲ್ಲಿ ಜನರನ್ನು ನಗಿಸಿದ್ದೇನೆ. ಟ್ರಂಕು, ಮಾರ್ಕ್ಸ್ ಕಾರ್ಡು, ಎರಡು ಸಲ ಬಂದ ಮಾಸ್ತರು, ಹಾಕಿಕೊಂಡ ಬಾಗಿಲು, ಸಣ್ಣವನ್ನ ಓದಿಸಿದೆ ನಿನ್ನ ಮಿಲ್ಲಿಗೆ ಹಚ್ಚಿದೆ, ಒಂದನ್ನೂ ಬಿಡದೆ ಹೇಳಿದೆ. ಎಲ್ಲೂ ನಗು ಬರುವಂತೆ ಎಳೆಯಲಿಲ್ಲ. "ಸಿಟ್ಟೈತೇನಪ್ಪ ನನ್ನ ಮ್ಯಾಲ" ಎನ್ನುವಾಗ ಮಾತ್ರ ಅವಳ ದನಿ ಕೈಜಾರಿ ನನ್ನದೇ ದನಿ ಬಂತು. ಆಮೇಲೆ, "ಅದಕ್ಕ ನಾನು ನಿನ್ನ ದನಿಯಾಗ, ಸಿಟ್ಟಿಲ್ಲ, ನೆನಪ ಇಲ್ಲ ಅಂತ ಹೇಳಿಬಿಟ್ಟೆ, ಅಪ್ಪ" ಎಂದು ಸೇರಿಸಿದೆ.

 ಹಳೆಯ ಸಿಟ್ಟೆಲ್ಲ ಹಳೆಯ ಹೃದಯದ ಜೊತೆ ಬೆಂಗಳೂರಿನಲ್ಲೇ ಉಳಿಯಿತು ಬಿಡು ಎಂಬ ಜೋಕು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ನೆನಪೈತವ್ವ," ಅಂದ ಅಪ್ಪ. "ಎರಡನೇ ಸಲ ಮಾಸ್ತರು ಬಂದಾಗ ನಾನು ಅಟ್ಟದ ಮ್ಯಾಲ ಇದ್ದೆ. ಅವರ ಛತ್ರಿ ಮಳಿಯಾಗ ತೊಯ್ದಿತ್ತು. ಸಿಟ್ಟು ಇತ್ತು. ಭಾಳ ವರ್ಷ ಇತ್ತು. ತಮ್ಮನ ಮದುವಿಯಾಗನೂ ಇತ್ತು."

ಅಮ್ಮ ಗಾಬರಿಯಿಂದ ಅತ್ತೆಯ ಕಡೆ ನೋಡಿದಳು. ಅಜ್ಜಿ ಅಳಲಿಲ್ಲ. ತಲೆಯಾಡಿಸುತ್ತಿದ್ದಳು, ಸರಿ, ಸರಿ ಎಂಬಂತೆ. ಅವಳ ಭುಜಗಳು ಕೆಳಗಿಳಿದವು.

"ಹೇಳಪ್ಪ," ಅಂದಳು. "ಎಲ್ಲಾ ಹೇಳು. ಕುಂತೀನಿ."

ಅಪ್ಪ ನನಗೆ ಬಾಗಿಲು ತೋರಿಸಿದ. "ನೀ ಸ್ವಲ್ಪ ಹೊರಗ ಹೋಗು."

ನಾನೂ ಅಮ್ಮನೂ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಒಳಗೆ ಆ ಸರಬರ ದನಿ ನಿಲ್ಲದೆ ನಡೆದಿತ್ತು; ನಡುವೆ ಒಮ್ಮೆ ಕೆಮ್ಮು, ಮತ್ತೆ ದನಿ. ಮದುವೆಯಾದಾಗಿನಿಂದ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಕೇಳಿರದ ಅಮ್ಮ, ಉಸಿರು ಹಿಡಿದು ಬಾಗಿಲಿಗೆ ಕಿವಿ ಕೊಟ್ಟಳು. ನನಗೂ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸತೊಡಗಿದವು. ನಾನು ಎದ್ದು ಗೇಟು ತೆಗೆದೆ.

"ಎಲ್ಲಿಗೋ?" ಅಂದಳು ಅಮ್ಮ.

"ಇಲ್ಲೇ," ಅಂದೆ. ಅಲ್ಲಿಂದ ಏನೂ ಕೇಳಿಸದಷ್ಟು ದೂರ ಹೋಗಿ, ರಸ್ತೆಯ ಆಚೆ ಬದಿಯ ಬೇವಿನ ಮರದ ಕೆಳಗೆ ನಿಂತೆ.